ಲ್ಯಾಪ್‌ಟಾಪ್ ದೋಷಪತ್ತೆ: ಕರ್ನೆಲ್‌ನ ಒಳಗಿನಿಂದ ಬಳಕೆದಾರರ ಕೈಗೆ

ಲ್ಯಾಪ್‌ಟಾಪಿನ ಬ್ಯಾಟರಿ, ಫ್ಯಾನು, ಕೀಲಿಮಣೆ, ಮುಚ್ಚಳದ ಸ್ವಿಚ್ಚು, ಶಾಖ ಅಳೆಯುವ ಸೆನ್ಸರು ಇವೆಲ್ಲ ಸರಿಯಾಗಿ ನಡೆಯುತ್ತಿವೆಯೇ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಸಾಫ್ಟ್‌ವೇರಿನ ಮೂಲಕ ಒಳಹೊಕ್ಕು ನೋಡುವುದಕ್ಕೆ ಯಂತ್ರಾಂಶ ದೋಷಪತ್ತೆ ಎಂದು ಹೆಸರು; ರೂಢಿಯ ಮಾತಿನಲ್ಲಿ ಹಾರ್ಡ್‌ವೇರ್ ಡಿಬಗ್ಗಿಂಗ್. ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಬೇಕಾದ ಏರ್ಪಾಡು ಮೊದಮೊದಲು ಕರ್ನೆಲ್‌ನ ಡ್ರೈವರುಗಳ ಒಳಗೇ ಇರುತ್ತಿತ್ತು. ಕಳೆದ ಎರಡು ದಶಕಗಳಲ್ಲಿ ಅದು ಒಂದೊಂದಾಗಿ ಹೊರಬಂದು, ಯಾರು ಬೇಕಾದರೂ ಹಾಕಿಕೊಂಡು ನಡೆಸಬಹುದಾದ ಬಳಕೆದಾರ ಸಲಕರಣೆಗಳಿಗೆ ಸೇರುತ್ತ ಬಂದಿದೆ. ಅಳತೆ ಯಂತ್ರದ ಒಳಗೆ, ಅಳತೆಯ ಅರ್ಥ ಹೊರಗೆ: ಈ ಬದಲಾವಣೆಯ ತಿರುಳು ಇಷ್ಟೇ.

ಹಾಸನದವರಿಗೆ ಈ ತಿರುಳು ಹೊಸದೇನಲ್ಲ. ಊರಿನ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್, 1982ರಿಂದ ಇದೇ ಕೆಲಸ ಮಾಡುತ್ತಿದೆ. ನೆಲದಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹದ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ಹೋಗಲಾಗದು. ಉಪಗ್ರಹ ತನ್ನ ಬ್ಯಾಟರಿಯ ವೋಲ್ಟೇಜು, ಟ್ಯಾಂಕಿನ ಒತ್ತಡ, ಫಲಕದ ಶಾಖ ಇಂಥ ಅಂಕಿಗಳನ್ನು ಬಿಡದೆ ಕೆಳಗೆ ಕಳಿಸುತ್ತದೆ. ಆ ಅಂಕಿಗಳಲ್ಲಿ ರೋಗ ಯಾವುದು, ಆರೋಗ್ಯ ಯಾವುದು ಎಂದು ತೀರ್ಮಾನಿಸುವುದು ಹಾಸನದ ಕಂಪ್ಯೂಟರುಗಳು ಮತ್ತು ಅವುಗಳ ಮುಂದೆ ಕುಳಿತ ಇಂಜಿನಿಯರುಗಳು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಮೇಲೇರಿದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ಮೊದಲು ಬಿಚ್ಚಿಕೊಳ್ಳಲಿಲ್ಲ. ಕೆಳಗಿನಿಂದಲೇ ಲೆಕ್ಕಹಾಕಿ, ಆದೇಶ ಕಳಿಸಿ, ಕೆಲವು ದಿನಗಳ ಪ್ರಯತ್ನದ ಮೇಲೆ ಸೆಪ್ಟೆಂಬರಿನಲ್ಲಿ ಅದನ್ನು ಬಿಚ್ಚಿಸಿದರು. ಆ ಉಪಗ್ರಹ ಮುಂದೆ ವರ್ಷಗಟ್ಟಲೆ ಸೇವೆ ಸಲ್ಲಿಸಿತು. ಅರ್ಥ ಹೇಳುವ ತಂತ್ರಾಂಶವೆಲ್ಲ ಉಪಗ್ರಹದ ಒಳಗೇ ಕೂತಿದ್ದರೆ ಅದನ್ನು ತಿದ್ದುವುದಕ್ಕೆ ಯಾರಿಗೂ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಮಡಿಲ ಮೇಲಿನ ಲ್ಯಾಪ್‌ಟಾಪು ಅಷ್ಟು ದೂರದಲ್ಲಿಲ್ಲ, ನಿಜ. ಆದರೆ ಅದರ ಕರ್ನೆಲ್ ಸಾಮಾನ್ಯ ಬಳಕೆದಾರನಿಗೆ ಹೆಚ್ಚುಕಡಿಮೆ ಅಷ್ಟೇ ದೂರ.

ಕರ್ನೆಲ್ ಎಂದರೆ ಯಂತ್ರಕ್ಕೂ ಅದರ ಮೇಲೆ ನಡೆಯುವ ತಂತ್ರಾಂಶಗಳಿಗೂ ನಡುವೆ ನಿಂತ ಕೇಂದ್ರಭಾಗ. ಒಂದೊಂದು ಯಂತ್ರಭಾಗವನ್ನು ನಡೆಸುವ ಡ್ರೈವರುಗಳು ಇದರೊಳಗೆ ಸೇರಿರುತ್ತವೆ. ಇಲ್ಲಿ ನಡೆಯುವ ಪ್ರತಿ ಸಾಲಿಗೂ ಯಂತ್ರದ ಮೇಲೆ ಪೂರ್ತಿ ಅಧಿಕಾರ ಉಂಟು. ಹಾಗಾಗಿ ಒಂದು ಸಾಲು ತಪ್ಪಿದರೆ ಇಡೀ ಯಂತ್ರ ನಿಂತುಹೋಗಬಹುದು. ಕರ್ನೆಲ್‌ನ ಹೊರಗಿನದು ಬಳಕೆದಾರ ವಲಯ. ಅಲ್ಲಿಯ ತಂತ್ರಾಂಶ ತಪ್ಪಿದರೆ ಅದೊಂದೇ ಸಾಯುತ್ತದೆ, ಉಳಿದವು ಬದುಕಿಕೊಳ್ಳುತ್ತವೆ. ಬರಿಯ ತಪಾಸಣೆಗೆಂದು ಬರೆದ ಸಾಲುಗಳನ್ನು ಅಪಾಯದ ವಲಯದಲ್ಲಿ ಯಾಕೆ ಇಡಬೇಕು ಎಂಬ ಪ್ರಶ್ನೆ ಏಳುವುದು ಇಲ್ಲಿಂದ.

ಲ್ಯಾಪ್‌ಟಾಪಿನ ತೊಡಕು

ಮೇಜಿನ ಮೇಲಿನ ಕಂಪ್ಯೂಟರಿನ ಭಾಗಗಳು ಬಹುಮಟ್ಟಿಗೆ ಒಂದೇ ಮಾದರಿಯವು. ಲ್ಯಾಪ್‌ಟಾಪಿನ ಕಥೆ ಬೇರೆ. ಅದರ ಮದರ್‌ಬೋರ್ಡಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ಪೊಂದು ಇರುತ್ತದೆ. ರಿಪೇರಿಯವರು ಇದನ್ನು ಇಸಿ ಎನ್ನುತ್ತಾರೆ. ಬ್ಯಾಟರಿ ತುಂಬಿಸುವುದು, ಫ್ಯಾನಿನ ವೇಗ, ಕೀಲಿಮಣೆ, ಮುಚ್ಚಳ ಮುಚ್ಚಿದ್ದರ ಸುದ್ದಿ ಎಲ್ಲ ಇದರ ಪಾಲಿನವು. ಇದರ ಒಳಗಿನ ಏರ್ಪಾಡು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಒಂದು ಮಾದರಿಯಿಂದ ಇನ್ನೊಂದಕ್ಕೆ ಬೇರೆ. ಈ ವೈವಿಧ್ಯವನ್ನು ಒಂದು ಹದ್ದಿಗೆ ತರಲು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಎಸಿಪಿಐ ಎಂಬ ನಿಯಮಾವಳಿ ತಂದವು. 2013ರಲ್ಲಿ ಅದು, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶಕ್ಕೆ (ಫರ್ಮ್‌ವೇರ್) ನಿಯಮ ಮಾಡುವ ಯುಇಎಫ್‌ಐ ಫೋರಂನ ವಶಕ್ಕೆ ಹೋಯಿತು. ಎಸಿಪಿಐ ಪ್ರಕಾರ ತಯಾರಕ ತನ್ನ ಯಂತ್ರದ ಗುಟ್ಟುಗಳನ್ನು ಡಿಎಸ್‌ಡಿಟಿ ಮೊದಲಾದ ಕೋಷ್ಟಕಗಳಲ್ಲಿ ಸಂಕೇತರೂಪದ ಕಿರು ಕಾರ್ಯಕ್ರಮಗಳಾಗಿ ಬರೆದಿಡುತ್ತಾನೆ, ಕರ್ನೆಲ್ ಅವನ್ನು ಓದಿ ನಡೆಸುತ್ತದೆ. ಇದರ ಮೇಲೆ ಮೈಕ್ರೋಸಾಫ್ಟ್ ಡಬ್ಲ್ಯುಎಂಐ ಎಂಬ ಇನ್ನೊಂದು ಪದರ ಕೂಡಿಸಿತು. ವಿಶೇಷ ಗುಂಡಿಗಳು, ಕೀಲಿಮಣೆಯ ಬೆಳಕು, ಬ್ಯಾಟರಿ ಎಷ್ಟಕ್ಕೆ ತುಂಬಿ ನಿಲ್ಲಬೇಕೆಂಬ ಮಿತಿ, ಇವನ್ನು ಹಲವು ಕಂಪನಿಗಳು ಇದರ ಮೂಲಕವೇ ನಡೆಸುತ್ತವೆ.

ತಯಾರಕರು ವಿಂಡೋಸಿಗೆ ತಮ್ಮದೇ ತಂತ್ರಾಂಶ ಬರೆದು ಕೊಟ್ಟರು. ಲಿನಕ್ಸಿಗೆ ಕೊಟ್ಟವರು ಕಡಿಮೆ. ಆದ್ದರಿಂದ ಲಿನಕ್ಸಿನ ಲ್ಯಾಪ್‌ಟಾಪ್ ಡ್ರೈವರುಗಳಲ್ಲಿ ಬಹಳಷ್ಟನ್ನು ಸ್ವಯಂಸೇವಕರು ತಡಕಿ, ಊಹಿಸಿ, ಪರೀಕ್ಷಿಸಿ ಬರೆದರು. ಹಾಗೆ ತಡಕುವಾಗ ಡ್ರೈವರಿನೊಳಗೇ ಒಂದು ಕಿಟಕಿ ಇಟ್ಟುಕೊಳ್ಳುವುದು ಸಹಜ: ಈ ಕೋಷ್ಟಕದಲ್ಲಿ ಏನಿದೆ ಎಂದು ಅಚ್ಚುಮಾಡು, ಈ ಗುಂಡಿ ಒತ್ತಿದಾಗ ಯಾವ ಸಂಕೇತ ಬಂತು ಎಂದು ಹೇಳು. ಮನೆ ಕಟ್ಟುವಾಗ ಹಾಕಿದ ಸಾರವೆಯಂತೆ ಈ ಕಿಟಕಿಗಳು ಡ್ರೈವರು ಸಿದ್ಧವಾದ ಮೇಲೂ ವರ್ಷಗಟ್ಟಲೆ ಉಳಿದುಬಿಟ್ಟವು.

ಇಪ್ಪತ್ತು ಬೈಟುಗಳ ಕಥೆ

ಈ ಸಾರವೆ ಹೇಗೆ ಬಿಚ್ಚಿತು ಎಂಬುದಕ್ಕೆ ಡಬ್ಲ್ಯುಎಂಐ ಡ್ರೈವರೇ ಅತ್ಯುತ್ತಮ ನಿದರ್ಶನ. ಸ್ವಲ್ಪ ಹತ್ತಿರದಿಂದ ನೋಡಬೇಕು.

ಯಂತ್ರ ಯಾವ ಯಾವ ಡಬ್ಲ್ಯುಎಂಐ ಸೌಲಭ್ಯ ಕೊಡುತ್ತದೆ ಎಂಬ ಪಟ್ಟಿ ಎಸಿಪಿಐ ಕೋಷ್ಟಕದೊಳಗೆ ಡಬ್ಲ್ಯುಡಿಜಿ ಎಂಬ ಹೆಸರಿನಲ್ಲಿ ಇರುತ್ತದೆ. ಪಟ್ಟಿಯ ಪ್ರತಿ ನಮೂದಿಗೂ ಸರಿಯಾಗಿ 20 ಬೈಟು. ಮೊದಲ 16 ಬೈಟು ಆ ಸೌಲಭ್ಯದ ಗುರುತುಸಂಖ್ಯೆ, ಅಂದರೆ ಜಿಯುಐಡಿ. ಮುಂದಿನ 2 ಬೈಟು ಅದರ ಚುಟುಕು ಹೆಸರು. ಸೌಲಭ್ಯದ ಬದಲು ಅದೊಂದು ಸೂಚನೆಯಾಗಿದ್ದರೆ ಅದೇ ಜಾಗದಲ್ಲಿ ಸೂಚನೆಯ ಸಂಖ್ಯೆ. ಆಮೇಲೆ ಒಂದು ಬೈಟು ಎಷ್ಟು ಪ್ರತಿಗಳಿವೆ ಎಂಬುದಕ್ಕೆ, ಕೊನೆಯದು ಅದರ ಗುಣಲಕ್ಷಣಗಳಿಗೆ. ಜಿಯುಐಡಿಯನ್ನು ಕಾಗದದ ಮೇಲೆ ಬರೆಯುವ ಕ್ರಮ ಒಂದು, ನೆನಪಿನಲ್ಲಿ ಅದು ಕೂತಿರುವ ಕ್ರಮ ಇನ್ನೊಂದು: ಮೊದಲ ಮೂರು ಗುಂಪುಗಳ ಬೈಟುಗಳು ತಿರುಗುಮುರುಗಾಗಿರುತ್ತವೆ. ಗೊತ್ತಿಲ್ಲದವನು ಹಾಗೇ ಓದಿದರೆ ಗುರುತುಸಂಖ್ಯೆ ಸಿಗುವುದಿಲ್ಲ.

2008ರ ಸುಮಾರಿಗೆ ಲಿನಕ್ಸಿಗೆ ಬಂದ ಡಬ್ಲ್ಯುಎಂಐ ಡ್ರೈವರಿನಲ್ಲಿ ಈ ಪಟ್ಟಿಯನ್ನು ಕರ್ನೆಲ್‌ನ ದಾಖಲೆಗೆ ಅಚ್ಚುಹಾಕುವ ಒಂದು ಆಯ್ಕೆ ಸೇರಿಕೊಂಡಿತು. ಬಂದ ಸೂಚನೆಗಳನ್ನೆಲ್ಲ ಅಚ್ಚುಹಾಕುವ ಇನ್ನೊಂದು ಆಯ್ಕೆಯೂ ಬಂತು. ಉಪಯೋಗವಾಗುತ್ತಿದ್ದುದು ನಿಜ, ಕೊರತೆಯೂ ಇತ್ತು. ಚುಟುಕು ಹೆಸರಿನ ಜಾಗದಲ್ಲಿ ಸೂಚನೆಯ ಸಂಖ್ಯೆ ಇದ್ದಾಗಲೂ ಅದನ್ನು ಅಕ್ಷರವೆಂದೇ ಬಗೆದು ಅಚ್ಚುಹಾಕಿದ್ದರಿಂದ ದಾಖಲೆಯಲ್ಲಿ ಅರ್ಥವಿಲ್ಲದ ಗೀಚು ಬೀಳುತ್ತಿತ್ತು. ಆಯ್ಕೆ ಬದಲಿಸಬೇಕಾದರೆ ಬೂಟ್ ಆಗುವಾಗಲೇ ಹೇಳಬೇಕು, ಇಲ್ಲವೇ ಡ್ರೈವರನ್ನು ಇಳಿಸಿ ಮತ್ತೆ ಏರಿಸಬೇಕು. ಅಚ್ಚಿನ ರೂಪದಲ್ಲಿ ಒಂದು ಕಾಲಮ್ಮು ತಿದ್ದಬೇಕೆಂದರೂ ಹೊಸ ಕರ್ನೆಲ್ ಬರುವ ತನಕ ಕಾಯಬೇಕು.

ಅದೇ ಕೆಲಸವನ್ನು ಹೊರಗಿನಿಂದ ಮಾಡುವ ಸಲಕರಣೆ ಆಗಲೇ ಇತ್ತು. ಉಬುಂಟು ತರುವ ಕೆನಾನಿಕಲ್ ಸಂಸ್ಥೆಯ ಫರ್ಮ್‌ವೇರ್ ಟೆಸ್ಟ್ ಸೂಟ್, ಚಿಕ್ಕದಾಗಿ ಎಫ್‌ಡಬ್ಲ್ಯುಟಿಎಸ್, ಕೋಷ್ಟಕವನ್ನು ತಾನೇ ಓದಿ ಪಟ್ಟಿಯನ್ನು ಶುದ್ಧವಾಗಿ ಬಿಡಿಸಿ ತೋರಿಸುತ್ತದೆ. ಸೂಚನೆಗಳ ಮಟ್ಟಿಗೆ ಹೇಳುವುದಾದರೆ, ಕರ್ನೆಲ್ ಅವನ್ನು ನೆಟ್‌ಲಿಂಕ್ ಎಂಬ ದಾರಿಯಲ್ಲಿ ಹೊರಗೆ ಕಳಿಸುತ್ತಲೇ ಇತ್ತು; ಕೇಳಿಸಿಕೊಳ್ಳುವ ಸಲಕರಣೆ ಒಂದಿದ್ದರೆ ಸಾಕು. ಹೀಗಾಗಿ 2024ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ 6.8ರ ಹೊತ್ತಿಗೆ ಡ್ರೈವರಿನ ಒಳಗಿನ ಆ ಎರಡೂ ಆಯ್ಕೆಗಳನ್ನು ಕಿತ್ತುಹಾಕಿದರು. ಯಾರಿಗೂ ಏನೂ ನಷ್ಟವಾಗಲಿಲ್ಲ, ಡ್ರೈವರು ಓದುವುದಕ್ಕೆ ಸುಲಭವಾಯಿತು. ಅಳಿಸಿದ ಸಾಲಿನಲ್ಲಿ ಮುಂದೆಂದೂ ತಪ್ಪು ಹುಟ್ಟುವುದಿಲ್ಲವಾದ್ದರಿಂದ ಕರ್ನೆಲ್ ನೋಡಿಕೊಳ್ಳುವವರಿಗೆ ಇದು ದೊಡ್ಡ ಸಮಾಧಾನ.

ಇದಕ್ಕೂ ಮೊದಲೇ, 2017ರಲ್ಲಿ, ಇದೇ ಹಾದಿಯ ಇನ್ನೊಂದು ಹೆಜ್ಜೆ ಬಿದ್ದಿತ್ತು. ಹಲವು ಲ್ಯಾಪ್‌ಟಾಪುಗಳು ತಮ್ಮ ಡಬ್ಲ್ಯುಎಂಐ ಸೌಲಭ್ಯಗಳ ವಿವರಣೆಯನ್ನು ತಾವೇ ಹೊತ್ತಿರುತ್ತವೆ. ಆದರೆ ಅದು ಒತ್ತಿ ಕುಗ್ಗಿಸಿದ ಗಂಟು. ಗಂಟು ಬಿಚ್ಚುವ ಗೋಜಿಗೆ ಕರ್ನೆಲ್ ಹೋಗಲಿಲ್ಲ. ಇದ್ದಹಾಗೇ ಒಂದು ಕಡತವಾಗಿ ಹೊರಗಿಟ್ಟಿತು, ಅಷ್ಟೆ. ಬಿಚ್ಚುವ ಕೆಲಸವನ್ನು ಪಾಲಿ ರೋಹಾರ್ ಎಂಬ ಡೆವಲಪರ್ ಬರೆದ ಬಿಎಂಎಫ್‌ಡೆಕ್ ಎಂಬ ಹೊರಗಿನ ಸಲಕರಣೆ ಮಾಡುತ್ತದೆ. ಗಂಟು ಬಿಚ್ಚುವಾಗ ಎಡವಟ್ಟಾದರೂ ಸಾಯುವುದು ಆ ಸಲಕರಣೆ ಮಾತ್ರ. ಈ ವಿಭಜನೆಯಷ್ಟು ಅಚ್ಚುಕಟ್ಟಾದದ್ದು ಈ ಕ್ಷೇತ್ರದಲ್ಲಿ ಬೇರೆ ಇಲ್ಲ.

ಬ್ಯಾಟರಿ, ಇಸಿ, ಪ್ರೊಸೆಸರ್

ಬ್ಯಾಟರಿಯ ವಿವರ ಒಂದು ಕಾಲದಲ್ಲಿ ಪ್ರೊಕ್ ಎಂಬ ಕಡತವ್ಯವಸ್ಥೆಯಲ್ಲಿ ಮನುಷ್ಯರು ಓದುವಂಥ ವಾಕ್ಯಗಳಾಗಿ ಬರುತ್ತಿತ್ತು. ಓದಲು ಚೆನ್ನ, ಬೇರೆ ತಂತ್ರಾಂಶಕ್ಕೆ ಬಿಡಿಸಿಕೊಳ್ಳಲು ಕಷ್ಟ. 2007ರ ಸುಮಾರಿಗೆ ಇದು ಸಿಸ್‌ಎಫ್‌ಎಸ್ ಎಂಬ ಇನ್ನೊಂದು ಕಡತವ್ಯವಸ್ಥೆಗೆ ಬಂತು. ಅಲ್ಲಿಯ ನಿಯಮ: ಒಂದು ಕಡತಕ್ಕೆ ಒಂದೇ ಬೆಲೆ. ತಯಾರಾದಾಗಿನ ಸಾಮರ್ಥ್ಯ ಒಂದು ಕಡತದಲ್ಲಿ, ಇವತ್ತು ಪೂರ್ತಿ ತುಂಬಿದರೆ ಹಿಡಿಯುವಷ್ಟು ಇನ್ನೊಂದರಲ್ಲಿ, ಹಲವು ಯಂತ್ರಗಳಲ್ಲಿ ಮೈಕ್ರೋವ್ಯಾಟ್-ಗಂಟೆಯ ಲೆಕ್ಕದಲ್ಲಿ. ಮೊದಲನೆಯದರಲ್ಲಿ 5,00,00,000, ಎರಡನೆಯದರಲ್ಲಿ 3,10,00,000 ಎಂದಿದ್ದರೆ 50 ವ್ಯಾಟ್-ಗಂಟೆಯ ಬ್ಯಾಟರಿ 31ಕ್ಕೆ ಇಳಿದಿದೆ, ಅಂದರೆ ಶೇ. 62 ಉಳಿದಿದೆ ಎಂದು ಅರ್ಥ. ಭಾಗಾಕಾರ ಮಾಡಿ ಹೇಳುವುದು ಯುಪವರ್‌ನಂಥ ಸಲಕರಣೆಯ ಕೆಲಸ. ಬ್ಯಾಟರಿ ಬದಲಿಸಬೇಕೆ, ಚಾರ್ಜರ್ ಬದಲಿಸಬೇಕೆ ಎಂದು ಹಣ ಖರ್ಚು ಮಾಡುವ ಮೊದಲು ಈ ಎರಡು ಅಂಕಿಗಳನ್ನು ನೋಡುವುದು ಎಲ್ಲರಿಗೂ ಸಾಧ್ಯ, ನೋಡಲೇಬೇಕು.

ಇಸಿ ಚಿಪ್ಪಿನ 256 ಬೈಟುಗಳ ಸ್ಮೃತಿಯನ್ನು ಇಸಿ-ಸಿಸ್ ಎಂಬ ಪುಟ್ಟ ಮಾಡ್ಯೂಲು ತಪಾಸಣೆಗೆಂದೇ ಇರುವ ಡಿಬಗ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಒಂದು ಕಡತವಾಗಿ ತೆರೆದಿಡುತ್ತದೆ. ಬರೆಯುವ ಅನುಮತಿಯನ್ನು ಬೇರೆಯಾಗಿ ಕೇಳಿದರೆ ಮಾತ್ರ ಕೊಡುತ್ತದೆ. ಈ ಎಚ್ಚರ ಬಹಳ ಮುಖ್ಯ. ಫ್ಯಾನು ತಿರುಗಿದಾಗ ಯಾವ ಬೈಟು ಬದಲಾಯಿತು ಎಂದು ಹೊರಗಿನಿಂದಲೇ ಗಮನಿಸಿ ಹೊಸ ಮಾದರಿಯ ಗುಟ್ಟು ಹಿಡಿದವರು ಅನೇಕರು. ಪ್ರೊಸೆಸರ್ ಎಷ್ಟು ಹೊತ್ತು ನಿದ್ದೆಯಲ್ಲಿತ್ತು, ಎಷ್ಟು ವಿದ್ಯುತ್ ತಿಂದಿತು ಎಂಬುದನ್ನು ಟರ್ಬೋಸ್ಟ್ಯಾಟ್ ಹೇಳುತ್ತದೆ. ವಿಶೇಷವೆಂದರೆ ಈ ಸಲಕರಣೆ ಬಳಕೆದಾರ ವಲಯದ್ದಾದರೂ ಅದರ ಮೂಲ ಇರುವುದು ಲಿನಕ್ಸ್ ಕರ್ನೆಲ್‌ನ ಮೂಲದ ಜೊತೆಯಲ್ಲೇ, ಟೂಲ್ಸ್ ಎಂಬ ವಿಭಾಗದಲ್ಲಿ. ಟಚ್‌ಪ್ಯಾಡು, ಪೆನ್ನು, ಕೀಲಿಮಣೆಗಳು ತಪ್ಪು ವಿವರಣೆ ಕೊಟ್ಟರೆ ಅದನ್ನು ತಿದ್ದುವ ಕಿರು ಕಾರ್ಯಕ್ರಮವನ್ನು ಹೊರಗಿನಿಂದಲೇ ಕೊಡುವ ಎಚ್‌ಐಡಿ-ಬಿಪಿಎಫ್ 2023ರಲ್ಲಿ, ಲಿನಕ್ಸ್ 6.3ರೊಡನೆ ಬಂತು.

ಬೆಂಗಳೂರಿನ ಕೊಡುಗೆ

ದೋಷಪತ್ತೆಯನ್ನು ಕರ್ನೆಲ್‌ನ ಹೊರಗಿಡುವ ವಿಚಾರದಲ್ಲಿ ಕರ್ನಾಟಕದ ಪಾಲು ದೊಡ್ಡದು. ಅದು ಕನ್ನಡದಲ್ಲಿ ದಾಖಲಾದದ್ದು ಕಡಿಮೆ. ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡ 2000ದ ದಶಕದಲ್ಲಿ ಈ ಕ್ಷೇತ್ರದ ಬುನಾದಿ ಕೆಲಸಗಳಲ್ಲಿ ತೊಡಗಿತ್ತು. ಓಡುತ್ತಿರುವ ಕರ್ನೆಲ್‌ನ ಯಾವುದೇ ಜಾಗದಲ್ಲಿ ಕಿವಿಯಿಟ್ಟು ಕೇಳಲು ನೆರವಾಗುವ ಕೆಪ್ರೋಬ್ಸ್ 2004ರಲ್ಲಿ ಲಿನಕ್ಸಿಗೆ ಸೇರಿತು. ಮುಂಚೆಯೇ ಎಲ್ಲ ಕಡೆ ಅಚ್ಚಿನ ಸಾಲು ಬರೆದಿಡುವ ಅಗತ್ಯವನ್ನೇ ಇದು ತಗ್ಗಿಸಿತು. ಬಳಕೆದಾರ ಕಾರ್ಯಕ್ರಮಗಳಿಗೆ ಅದೇ ಸೌಲಭ್ಯ ಒದಗಿಸುವ ಯುಪ್ರೋಬ್ಸ್ 2012ರಲ್ಲಿ, 3.5ನೆಯ ಆವೃತ್ತಿಯಲ್ಲಿ ಬಂತು.

ಇವುಗಳಿಗಿಂತ ಮನಮುಟ್ಟುವ ಕಲ್ಪನೆ ಕೆಡಂಪ್‌ನದು; ಅದು 2005ರಲ್ಲಿ, 2.6.13ನೆಯ ಆವೃತ್ತಿಯೊಡನೆ ಹೊರಬಂತು. ಅದನ್ನು ವಿವರಿಸಿದ ಪ್ರಬಂಧದ ಲೇಖಕರಲ್ಲಿ ಇಬ್ಬರು, ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ, ಇದೇ ತಂಡದವರು. ಕುಸಿದುಬಿದ್ದ ಕರ್ನೆಲ್ ತನ್ನ ಮರಣದ ವರದಿಯನ್ನು ತಾನೇ ಬರೆದರೆ ಅದನ್ನು ನಂಬುವುದು ಹೇಗೆ? ಕೆಡಂಪ್ ಇದಕ್ಕೆ ಕೊಟ್ಟ ಉತ್ತರ ಸರಳ. ಸ್ಮೃತಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ ಅಲ್ಲೊಂದು ಎರಡನೆಯ ಕರ್ನೆಲ್ಲನ್ನು ಕೂರಿಸಿರುತ್ತಾರೆ. ಮೊದಲನೆಯದು ಕುಸಿದ ಕೂಡಲೇ ಎರಡನೆಯದು ಎದ್ದು, ಸತ್ತದ್ದರ ಸ್ಮೃತಿಯನ್ನು ಇದ್ದಹಾಗೇ ಕಡತಕ್ಕೆ ಇಳಿಸುತ್ತದೆ. ಅದನ್ನು ಸಾವಧಾನವಾಗಿ ಪರೀಕ್ಷಿಸುವುದು ಕ್ರ್ಯಾಶ್ ಎಂಬ ಬಳಕೆದಾರ ಸಲಕರಣೆ. ಹಾಸನದ ಎಂಸಿಎಫ್ ಉಪಗ್ರಹಕ್ಕೆ ಮಾಡುವುದನ್ನೇ ಇದು ಕರ್ನೆಲ್‌ಗೆ ಮಾಡುತ್ತದೆ.

ಹೊರಗೆ ತಂದಮಾತ್ರಕ್ಕೆ ಕ್ಷೇಮವಲ್ಲ

ಸಲಕರಣೆ ಹೊರಗಿದ್ದರೆ ಅಪಾಯವೇ ಇಲ್ಲ ಎಂದುಕೊಳ್ಳುವುದು ತಪ್ಪು. ಈ ಶತಮಾನದ ಆರಂಭದಲ್ಲಿ ಎಲ್‌ಎಂ-ಸೆನ್ಸರ್ಸ್ ಎಂಬ ಸಲಕರಣೆ ಸೆನ್ಸರು ಹುಡುಕುತ್ತ ಹೋಗಿ ಐಬಿಎಂ ಥಿಂಕ್‌ಪ್ಯಾಡಿನ ಕೆಲವು ಮಾದರಿಗಳ ಒಂದು ಚಿಪ್ಪಿನ ಮಾಹಿತಿಯನ್ನೇ ಕೆಡಿಸಿತು, ಆ ಯಂತ್ರಗಳು ಮತ್ತೆ ಬೂಟ್ ಆಗಲಿಲ್ಲ. ಬರೆಯುವ ಉದ್ದೇಶವೇ ಇರಲಿಲ್ಲ, ಬರೀ ಹುಡುಕಾಟದಿಂದ ಆದ ಅನಾಹುತವದು.

2013ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪುಗಳು ಲಿನಕ್ಸ್ ಹಾಕಿದ ಬಳಿಕ ಕಲ್ಲಿನಂತಾದವು. ಮೊದಲು ಬೈಗುಳ ತಿಂದದ್ದು ಸ್ಯಾಮ್‌ಸಂಗ್ ಡ್ರೈವರು. ಮ್ಯಾಥ್ಯೂ ಗ್ಯಾರೆಟ್ ಎಂಬ ಡೆವಲಪರ್ ಆಳಕ್ಕಿಳಿದು ನೋಡಿದಾಗ ಬೇರೆಯೇ ಸಂಗತಿ ತಿಳಿಯಿತು. ಡ್ರೈವರಿನಿಂದ ದೋಷವಾಗಿದ್ದು ಹೌದು. ಆ ದೋಷದ ವರದಿಯನ್ನು ಕರ್ನೆಲ್ ಯುಇಎಫ್‌ಐನ ಚಿಕ್ಕ ಉಗ್ರಾಣದಲ್ಲಿ ಬರೆದಿಟ್ಟಿತು, ಉಗ್ರಾಣ ಮಿತಿಮೀರಿ ತುಂಬಿತು, ತುಂಬಿದ ಉಗ್ರಾಣವನ್ನು ಕಂಡ ಆ ಫರ್ಮ್‌ವೇರಿಗೆ ಏಳಲಾಗಲಿಲ್ಲ. ವಿಂಡೋಸಿನಲ್ಲಿ ಒಂದು ಸಾಮಾನ್ಯ ಕಾರ್ಯಕ್ರಮದಿಂದಲೂ ಇದನ್ನೇ ಮಾಡಿಸಬಹುದೆಂದು ಆತ ತೋರಿಸಿದ. ಯಂತ್ರವನ್ನು ಮುಳುಗಿಸಿದ್ದು ದೋಷಪತ್ತೆಯ ವರದಿ.  2016ರಲ್ಲಿ ಅದೇ ಉಗ್ರಾಣವನ್ನು ಕಡತವೆಂದು ಬಗೆದು ಅಳಿಸಿದ ಒಂದು ಆದೇಶದಿಂದ ಲ್ಯಾಪ್‌ಟಾಪು ಹಾಳಾದ ಪ್ರಕರಣ ಬಂತು, ಆಗ ಅಲ್ಲಿಯ ಅಪರಿಚಿತ ಕಡತಗಳನ್ನು ಸುಲಭಕ್ಕೆ ಅಳಿಸಲಾಗದಂತೆ ಕರ್ನೆಲ್ ಬೀಗ ಹಾಕಿತು.

2020ರ ನವೆಂಬರಿನಲ್ಲಿ ಬಯಲಾದ ಪ್ಲಾಟಿಪಸ್ ಎಂಬ ದಾಳಿ ಇನ್ನೊಂದು ಬಗೆಯದು. ಪ್ರೊಸೆಸರ್ ತಿನ್ನುವ ವಿದ್ಯುತ್ತಿನ ಅಂಕಿಯನ್ನು ಯಾರು ಬೇಕಾದರೂ ಓದಬಹುದಾಗಿತ್ತು, ಆ ಏರಿಳಿತದಿಂದ ಗುಪ್ತ ಕೀಲಿಗಳನ್ನು ಊಹಿಸಬಹುದೆಂದು ಸಂಶೋಧಕರು ತೋರಿಸಿದರು. ಅಂದಿನಿಂದ ಆ ಅಂಕಿ ಯಂತ್ರದ ಮುಖ್ಯಾಧಿಕಾರಿ ಖಾತೆಗೆ ಮಾತ್ರ ಕಾಣುತ್ತದೆ. 2019ರ ನವೆಂಬರಿನ 5.4ನೆಯ ಆವೃತ್ತಿಯಲ್ಲಿ ಬಂದ ಲಾಕ್‌ಡೌನ್ ವ್ಯವಸ್ಥೆ ಜಾರಿಯಲ್ಲಿರುವ ಯಂತ್ರದಲ್ಲಿ ನೇರವಾಗಿ ಸ್ಮೃತಿಗೆ ಕೈಹಾಕುವ ಹಳೆಯ ಸಲಕರಣೆಗಳು ನಡೆಯುವುದಿಲ್ಲ. ಆದ್ದರಿಂದ ಸರಿಯಾದ ದಾರಿ ಇದು: ಕರ್ನೆಲ್ ಕಿರಿದಾದ, ಖಚಿತವಾದ, ಸಾಧ್ಯವಾದಷ್ಟೂ ಓದಲು ಮಾತ್ರ ಬರುವ ಕಿಂಡಿಯನ್ನು ಇಡಬೇಕು, ಉಳಿದ ಜಾಣತನವೆಲ್ಲ ಹೊರಗಿನ ಸಲಕರಣೆಯದಾಗಬೇಕು.

ಊರಿನ ರಿಪೇರಿ ಮೇಜಿನ ಮೇಲೆ

ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಒಂದು ಹಳೆಯ ಲ್ಯಾಪ್‌ಟಾಪು ಹಾಸನದ ಅಂಗಡಿಗೆ ಬಂತು ಎನ್ನೋಣ. ಫ್ಯಾನು ಒಂದೇ ಸಮನೆ ಕೂಗುತ್ತದೆ, ಮುಚ್ಚಳ ಮುಚ್ಚಿದರೂ ಮಲಗುವುದಿಲ್ಲ. ತಪಾಸಣೆ ಡ್ರೈವರಿನೊಳಗೆ ಇದ್ದ ಕಾಲದಲ್ಲಿ ಆಯ್ಕೆ ಹಾಕಿ ಮರುಬೂಟ್ ಮಾಡಿ, ಸಾವಿರಾರು ಸಾಲಿನ ದಾಖಲೆಯಲ್ಲಿ ಹುಡುಕಬೇಕಿತ್ತು. ಈಗ ಪೆನ್‌ಡ್ರೈವಿನಿಂದ ಲಿನಕ್ಸ್ ಏರಿಸಿ, ಶಾಖವನ್ನು ಒಂದು ಸಲಕರಣೆಯಿಂದ, ಮುಚ್ಚಳದ ಸೂಚನೆಯನ್ನು ಇನ್ನೊಂದರಿಂದ ನೋಡಿದರೆ ಆಯಿತು. ಮುಚ್ಚಿದಾಗ ಸೂಚನೆ ಬಂದರೆ ಸ್ವಿಚ್ಚು ಸರಿಯಿದೆ, ತಪ್ಪು ಬಹುಶಃ ಸೆಟ್ಟಿಂಗಿನಲ್ಲಿದೆ. ಬಾರದಿದ್ದರೆ ಸ್ವಿಚ್ಚನ್ನೋ ಅದರ ಅಯಸ್ಕಾಂತವನ್ನೋ ನೋಡಬೇಕು. ಗಿರಾಕಿಯ ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಇಷ್ಟೂ ತಿಳಿಯುತ್ತದೆ. ಎಂಸಿಎಫ್ ಇರುವ ಸಾಲಗಾಮೆ ರಸ್ತೆಯಲ್ಲೇ ಇರುವ, 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಾಗಲಿ, ಚನ್ನರಾಯಪಟ್ಟಣದ ಪದವಿ ವಿದ್ಯಾರ್ಥಿಗಾಗಲಿ ಇದನ್ನು ಕಲಿಯಲು ಕರ್ನೆಲ್ ಕಟ್ಟುವ ವಿದ್ಯೆ ಬೇಕಿಲ್ಲ.

ಇನ್ನೊಂದು ಲಾಭವನ್ನು ಇಂಗ್ಲಿಷ್ ಬಲ್ಲವರು ಅಷ್ಟಾಗಿ ಗಮನಿಸುವುದಿಲ್ಲ. ಕರ್ನೆಲ್‌ನ ಸಂದೇಶಗಳು ಇಂಗ್ಲಿಷಿನಲ್ಲಿ ಮಾತ್ರ. ಅವನ್ನು ಅನುವಾದಿಸುವ ಏರ್ಪಾಡೇ ಅದರಲ್ಲಿಲ್ಲ. ಬಳಕೆದಾರ ವಲಯದಲ್ಲಿ ಅಂಥ ಅಡ್ಡಿಯಿಲ್ಲ. ಗ್ನೋಮ್ ಮತ್ತು ಕೆಡಿಇ ಪರಿಸರಗಳಿಗೆ ಕನ್ನಡ ಅನುವಾದ ಆಗಲೇ ಇದೆ, ಅದೇ ವಿಧಾನದಲ್ಲಿ ತಪಾಸಣೆಯ ಸಲಕರಣೆಯೂ ಕನ್ನಡದಲ್ಲಿ ಮಾತಾಡಬಹುದು. ಬ್ಯಾಟರಿಯಲ್ಲಿ ಶೇ. 62 ಉಳಿದಿದೆ ಎಂದು ಕನ್ನಡದಲ್ಲಿ ಓದಿದ ಗಿರಾಕಿ ಅಂಗಡಿಯವರ ಮಾತಿಗೆ ತಲೆಯಾಡಿಸುವ ಬದಲು ತಾನೇ ನಿರ್ಧರಿಸಬಲ್ಲ. ಅನುವಾದಕ್ಕೆ ಸಮಯವಿರುವ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಚ್ಚಬೇಕು.

ಯಂತ್ರ ಚೆನ್ನಾಗಿರುವಾಗಲೇ ಎಸಿಪಿಐಡಂಪ್ ಎಂಬ ಸಲಕರಣೆಯಿಂದ ಅದರ ಕೋಷ್ಟಕಗಳ ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮುಂದೆ ಫರ್ಮ್‌ವೇರ್ ಬದಲಾಗಿ ತೊಂದರೆ ಬಂದರೆ ಹೋಲಿಸಿ ನೋಡಲು ಅದೇ ಆಧಾರ. ದೋಷದ ವರದಿಯೊಂದಿಗೆ ಆ ಪ್ರತಿಯನ್ನು ಯಾರಿಗಾದರೂ ಕಳಿಸುವ ಮುನ್ನ ಅದರಲ್ಲಿ ಎಂಎಸ್‌ಡಿಎಂ ಎಂಬ ಕೋಷ್ಟಕವಿದ್ದರೆ ತೆಗೆದುಬಿಡಿ. ಆ ಯಂತ್ರದ ಜೊತೆ ಬಂದ ವಿಂಡೋಸಿನ ಕೀಲಿಸಂಖ್ಯೆ ಅದರೊಳಗೆ ಇರುತ್ತದೆ.